ಸಹಾಯಕ ಸಾಧನಗಳ ವಿನ್ಯಾಸಶಿಕ್ಷಣವೂ ಕನ್ನಡ ಲಿಪಿಯೂ

ಬೆಂಗಳೂರಿನಿಂದ ತುಮಕೂರಿಗೆ ಹೊರಡುವ ಹೆದ್ದಾರಿಯ ಮೊದಲ ಕೆಲವು ಮೈಲಿಗಳ ಆಸುಪಾಸಿನಲ್ಲಿ, ಒಂದಕ್ಕೊಂದು ಸಂಬಂಧವಿಲ್ಲದಂತೆ ತೋರುವ ಎರಡು ವಿದ್ಯಾಸಂಸ್ಥೆಗಳಿವೆ. ಯಶವಂತಪುರದ ಸೆರಗಿನಲ್ಲಿ, ೧೯೦೯ರಲ್ಲಿ ಸ್ಥಾಪಿತವಾದ ಭಾರತೀಯ ವಿಜ್ಞಾನ ಸಂಸ್ಥೆ ಒಂದು, ಎಚ್.ಎಂ.ಟಿ. ಲಿಂಕ್ ರಸ್ತೆಯಲ್ಲಿ ೨೦೦೭ರಲ್ಲಿ ತೆರೆಯಲ್ಪಟ್ಟ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ಬೆಂಗಳೂರು ಶಾಖೆ ಇನ್ನೊಂದು. ಮೊದಲನೆಯದರಲ್ಲಿ ಅಚ್ಚಾದ ಕನ್ನಡ ಪುಟವನ್ನು ಯಂತ್ರದಿಂದ ಓದಿಸುವ ಕೆಲಸವು ಬಹುಕಾಲ ನಡೆದಿದೆ. ಎರಡನೆಯದರಲ್ಲಿ ಯೂನಿವರ್ಸಲ್ ಡಿಸೈನ್, ಎಂದರೆ ಸರ್ವೋಪಯೋಗಿ ವಿನ್ಯಾಸ, ಎಂಬುದನ್ನು ಸ್ನಾತಕೋತ್ತರ ವ್ಯಾಸಂಗಕ್ಕೆ ಇಟ್ಟಿರುವರು. ಹೆದ್ದಾರಿಯು ಪೀಣ್ಯ ದಾಸರಹಳ್ಳಿಗಳನ್ನು ಕಳೆದು, ೨೦೨೪ರಿಂದ ಮೆಟ್ರೋ ರೈಲು ಬಂದು ನಿಲ್ಲುತ್ತಿರುವ ಮಾದಾವರವನ್ನು ದಾಟಿ, ಮಾಕಳಿಗೆ ಬರುತ್ತದೆ. ಪಟ್ಟಣವು ಮುಗಿದೂ ಮುಗಿಯದ, ಹಳ್ಳಿಯು ಉಳಿದೂ ಉಳಿಯದ ಈ ಎಡೆಯಲ್ಲಿ ಕಣ್ಣಿಲ್ಲದ ವಿದ್ಯಾರ್ಥಿಯೊಬ್ಬನು ಕನ್ನಡ ಪುಸ್ತಕವೊಂದನ್ನು ಇನ್ನೊಬ್ಬರ ಹಂಗಿಲ್ಲದೆ ಓದಬೇಕಾದರೆ ಏನೇನು ಒದಗಬೇಕೆಂದು ವಿಚಾರಮಾಡಿದಲ್ಲಿ, ಮೇಲಣ ಎರಡು ಸಂಸ್ಥೆಗಳ ವಿದ್ಯೆಗಳಲ್ಲದೆ ಮೂರನೆಯ ವಿದ್ಯೆಯೊಂದೂ ಅವಶ್ಯಕವೆಂದು ಗೊತ್ತಾಗುತ್ತದೆ. ಅದು ಅಕ್ಷರವಿದ್ಯೆ, ಕನ್ನಡ ವರ್ಣಮಾಲೆ, ಸಂಧಿ, ಛಂದಸ್ಸು, ಹಳೆಯ ಬರವಣಿಗೆಯ ರೂಢಿ ಇವುಗಳ ಜ್ಞಾನ. ಸಾಹಿತ್ಯದ ಅಧ್ಯಾಪಕರ ಕೈಯಲ್ಲಿರುವ ಈ ವಿದ್ಯೆಯನ್ನು ಸಾಧನಗಳ ವಿನ್ಯಾಸವನ್ನು ಕಲಿಸುವವರು ಕೇಳಿ ಪಡೆದದ್ದು ಅಪರೂಪ. ಅಧ್ಯಾಪಕರೂ ತಾವಾಗಿ ಕೊಡಲು ಮುಂದೆ ಬಂದದ್ದು ಅಪರೂಪವೇ.

ವಿಕಲಚೇತನರಿಗೆ ನೆರವಾಗುವ ಸಾಧನಗಳನ್ನು ರೂಪಿಸುವುದನ್ನು ವಿಶ್ವವಿದ್ಯಾನಿಲಯದಲ್ಲಿ ಒಂದು ಪಾಠಕ್ರಮವಾಗಿ ಕಲಿಸುವುದು ಈಚಿನ ಪದ್ಧತಿ. ಅಮೆರಿಕದ ಮಸಾಚುಸೆಟ್ಸ್ ತಂತ್ರವಿದ್ಯಾ ಸಂಸ್ಥೆಯಲ್ಲಿ ಸೆತ್ ಟೆಲ್ಲರ್ ಎಂಬ ಪ್ರಾಧ್ಯಾಪಕರು ೨೦೧೧ರಲ್ಲಿ ಆರಂಭಿಸಿದ ಪಾಠವು ಇದಕ್ಕೆ ಪ್ರಸಿದ್ಧವಾದ ನಿದರ್ಶನ. ಅಲ್ಲಿ ವಿದ್ಯಾರ್ಥಿಗಳು ಸಣ್ಣ ಗುಂಪುಗಳಾಗಿ, ಒಂದು ಅವಧಿಯುದ್ದಕ್ಕೂ ಒಬ್ಬ ವಿಕಲಚೇತನ ವ್ಯಕ್ತಿಯೊಡನೆ ಕೂಡಿ ದುಡಿದು, ಆತನ ಒಂದು ತೊಂದರೆಗೆ ಒಂದು ಸಾಧನವನ್ನು ಮಾಡಿಕೊಡುವರು. ನಮ್ಮ ದೇಶದಲ್ಲಿ ದೆಹಲಿಯ ಐ.ಐ.ಟಿ.ಯ ಉದಾಹರಣೆಯು ಇದಕ್ಕಿಂತ ಹಿಂದಿನದು. ಪ್ರಾಧ್ಯಾಪಕ ಎಂ. ಬಾಲಕೃಷ್ಣನ್ ಅವರ ಮಾರ್ಗದರ್ಶನದಲ್ಲಿ ೨೦೦೫ರಲ್ಲಿ ಪಾಠದ ಅಂಗವಾಗಿ ವಿದ್ಯಾರ್ಥಿಗಳು ಕೈಕೊಂಡ ಕೆಲಸವೊಂದು ಬೆಳೆದು, ೨೦೧೪ರಲ್ಲಿ 'ಸ್ಮಾರ್ಟ್ ಕೇನ್' ಎಂಬ ಊರುಗೋಲಾಗಿ ಹೊರಬಂದಿತು. ಬಿಳಿಯ ಕೋಲು ನೆಲದ ಮೇಲಣ ಅಡ್ಡಿಯನ್ನು ತಿಳಿಸಬಲ್ಲುದೇ ಹೊರತು, ಮೊಣಕಾಲಿನಿಂದ ಮೇಲಕ್ಕೆ ಚಾಚಿಕೊಂಡಿರುವ ಕೊಂಬೆ, ನಿಂತ ಲಾರಿಯ ಹಿಂಭಾಗ, ತೆರೆದ ಕಿಟಕಿ ಇವುಗಳನ್ನು ತಿಳಿಸಲಾರದು. ಕಿವಿಗೆ ಕೇಳದ ಶಬ್ದತರಂಗಗಳನ್ನು ಬಿಟ್ಟು, ಅವು ತಗಲಿ ಹಿಂದಿರುಗುವ ಹೊತ್ತನ್ನು ಅಳೆದು, ಹಿಡಿಯ ನಡುಕದಿಂದ ಅಡ್ಡಿಯ ದೂರವನ್ನು ಕೈಗೆ ತಿಳಿಸುವುದು ಈ ಊರುಗೋಲಿನ ಕ್ರಮ. ಈ ತೊಂದರೆಯು ವಿದ್ಯಾರ್ಥಿಗಳಿಗೆ ಪುಸ್ತಕದಿಂದ ಗೊತ್ತಾದುದಲ್ಲ. ಅಂಧರ ಸಂಸ್ಥೆಗೆ ಹೋಗಿ ಕೇಳಿದ್ದರಿಂದ ಗೊತ್ತಾದುದು. ಕಲ್ಪನೆ ಹುಟ್ಟಿದ ವರ್ಷಕ್ಕೂ ಸಾಧನ ಮಾರಾಟಕ್ಕೆ ಬಂದ ವರ್ಷಕ್ಕೂ ನಡುವೆ ಒಂಬತ್ತು ವರ್ಷಗಳು ಸಂದವೆಂಬುದನ್ನು, ಆರು ತಿಂಗಳ ಪಾಠದಿಂದ ಲೋಕೋಪಕಾರವನ್ನು ನಿರೀಕ್ಷಿಸುವವರು ನೆನಪಿನಲ್ಲಿಡತಕ್ಕದ್ದು.

ಬಳಸುವವರನ್ನು ಕೇಳದೆ ಮಾಡಿದ ಸಾಧನದ ಗತಿಯೇನೆಂಬುದಕ್ಕೆ ಲೆಕ್ಕವುಂಟು. ೧೯೯೩ರಲ್ಲಿ ಬೆಟ್ಸಿ ಫಿಲಿಪ್ಸ್ ಮತ್ತು ಹಾಂಗ್‌ಷಿನ್ ಝಾವೊ ಎಂಬವರು ಅಮೆರಿಕದಲ್ಲಿ ೨೨೭ ಮಂದಿ ವಿಕಲಚೇತನರನ್ನು ವಿಚಾರಿಸಿ ಪ್ರಕಟಿಸಿದ ಅಧ್ಯಯನದಂತೆ, ಪಡೆದ ಸಾಧನಗಳಲ್ಲಿ ಶೇಕಡ ೨೯.೩ರಷ್ಟು ಬಳಕೆಯಿಲ್ಲದೆ ಮೂಲೆ ಸೇರಿದ್ದವು. ಆರಿಸುವಾಗ ಬಳಸುವವನ ಅಭಿಪ್ರಾಯವನ್ನು ಲಕ್ಷಿಸದಿದ್ದುದು ಅವರು ಕಂಡ ಕಾರಣಗಳಲ್ಲಿ ಒಂದು. ಪ್ರಯೋಗಶಾಲೆಯ ನುಣುಪು ನೆಲದ ಮೇಲೆ ಚೆನ್ನಾಗಿ ನಡೆದ ಕೋಲು ಮಾಕಳಿಯ ಹೆದ್ದಾರಿಯ ಅಂಚಿನಲ್ಲಿ, ಲಾರಿಗಳ ಸದ್ದಿನಲ್ಲಿ, ಕಾಲುದಾರಿ ಎಲ್ಲಿ ಮುಗಿಯಿತೆಂದು ಕಣ್ಣುಳ್ಳವರಿಗೂ ತಿಳಿಯದ ಕಡೆಯಲ್ಲಿ ಹೇಗೆ ನಡೆದೀತೆಂಬುದು ಬೇರೆಯೇ ಪ್ರಶ್ನೆ. ಆದರೆ ನಡೆಯುವ ಸಾಧನದ ವಿಚಾರ ಇಲ್ಲಿಗೆ ಸಾಕು. ಓದುವ ಸಾಧನದ ವಿಚಾರದಲ್ಲಿ ಭಾಷೆಯೂ ಕೂಡಿಕೊಳ್ಳುವುದರಿಂದ ಅದು ಇನ್ನೂ ಸೂಕ್ಷ್ಮವಾದುದು.

ಓದುವ ಸಾಧನಗಳಲ್ಲಿ ಮೊದಲನೆಯದೂ ಇಂದಿಗೂ ಶ್ರೇಷ್ಠವಾದುದೂ ಆದ ಬ್ರೈಲ್ ಲಿಪಿಯ ಕಥೆಯನ್ನು ವಿನ್ಯಾಸಶಿಕ್ಷಣದವರೆಲ್ಲ ಹೇಳುವರು. ಆದರೆ ಅದರ ಒಂದು ಭಾಗವನ್ನು ಮಾತ್ರ ಹೇಳುವುದು ವಾಡಿಕೆ. ಫ್ರಾನ್ಸಿನ ಚಾರ್ಲ್ಸ್ ಬಾರ್ಬಿಯೇ ಎಂಬಾತನು ಉಬ್ಬುಚುಕ್ಕಿಗಳಿಂದ ಬರೆಯುವ ಕ್ರಮವೊಂದನ್ನು ಕಲ್ಪಿಸಿದ್ದನು. ಅದರಲ್ಲಿ ಒಂದು ಸಂಕೇತಕ್ಕೆ ಆರಾರರ ಎರಡು ಕಂಬಸಾಲಿನಲ್ಲಿ ಹನ್ನೆರಡು ಚುಕ್ಕಿಗಳವರೆಗೆ ಅವಕಾಶವಿತ್ತು. ಅಷ್ಟು ಎತ್ತರದ ಸಂಕೇತವು ಬೆರಳತುದಿಯ ಕೆಳಗೆ ಒಂದೇ ಬಾರಿಗೆ ಅಡಗದು. ಬೆರಳನ್ನು ಮೇಲೆ ಕೆಳಗೆ ಆಡಿಸಬೇಕಾಗುವುದು. ೧೮೦೯ರಲ್ಲಿ ಹುಟ್ಟಿ, ತಂದೆಯ ಜೀನುಗಾರಿಕೆಯ ಅಂಗಡಿಯಲ್ಲಿ ಮೂರನೆಯ ವಯಸ್ಸಿನಲ್ಲಿ ಕಣ್ಣಿಗೆ ಪೆಟ್ಟು ತಗಲಿ ಕುರುಡನಾದ ಲೂಯಿ ಬ್ರೈಲನು, ಹದಿನೈದನೆಯ ವಯಸ್ಸಿನ ಹೊತ್ತಿಗೆ ಅದನ್ನು ಆರು ಚುಕ್ಕಿಗಳಿಗೆ ಇಳಿಸಿ, ೧೮೨೯ರಲ್ಲಿ ತನ್ನ ಕ್ರಮವನ್ನು ಪ್ರಕಟಿಸಿದನು. ಓದತಕ್ಕ ಬೆರಳು ಯಾರದೋ ಅವನೇ ಲಿಪಿಯನ್ನು ತಿದ್ದಿದನೆಂಬುದು ಎಲ್ಲರೂ ಎತ್ತಿಹೇಳುವ ಭಾಗ.

ಇನ್ನೊಂದು ಭಾಗವು ಭಾಷೆಯನ್ನು ಕುರಿತದ್ದು. ಬಾರ್ಬಿಯೇಯ ಸಂಕೇತಗಳು ಫ್ರೆಂಚ್ ಭಾಷೆಯ ಧ್ವನಿಗಳನ್ನು ಸೂಚಿಸುತ್ತಿದ್ದುವೇ ಹೊರತು ಅಕ್ಷರಗಳನ್ನಲ್ಲ. ಉಚ್ಚಾರಣೆಗೂ ಬರವಣಿಗೆಗೂ ಅಂತರವಿರುವ ಆ ಭಾಷೆಯಲ್ಲಿ, ಅದನ್ನು ಕಲಿತ ಅಂಧನು ಮಾತನ್ನು ಗುರುತುಹಾಕಿಕೊಳ್ಳಬಲ್ಲನು. ಶುದ್ಧವಾದ ಕಾಗುಣಿತವನ್ನು ಮಾತ್ರ ಎಂದಿಗೂ ಕಲಿಯಲಾರನು. ಲೇಖನಚಿಹ್ನೆಗಳೂ ಅಂಕಿಗಳೂ ಅದರಲ್ಲಿರಲಿಲ್ಲ. ಬ್ರೈಲನು ಧ್ವನಿಯನ್ನು ಬಿಟ್ಟು ಅಕ್ಷರವನ್ನು ಹಿಡಿದನು. ಅಂಧರಿಗೆ ತಮ್ಮದೊಂದು ಗುಪ್ತಲಿಪಿ ಸಾಕೆಂದು ಬಾರ್ಬಿಯೇ ತಿಳಿದಿದ್ದಂತೆ ತೋರುವುದು. ಉಳಿದವರು ಓದುವ ಸಾಹಿತ್ಯವೇ ತಮಗೂ ಬೇಕು ಎಂಬುದು ಬ್ರೈಲನ ನಿರ್ಣಯ. ಆತನು ಬೆರಳಿನ ಅಳತೆಯನ್ನಷ್ಟೇ ಬಲ್ಲ ಕುಶಲಿಯಲ್ಲ, ಲಿಪಿಯೆಂದರೇನೆಂಬುದನ್ನು ಬಲ್ಲವನೆಂಬುದು ಇದರಿಂದ ಸ್ಪಷ್ಟವಾಗುವುದು.

ಇದೇ ಪ್ರಶ್ನೆಯು ಭಾರತದ ಲಿಪಿಗಳಿಗೆ ಬಂದಾಗ ಬಹುಕಾಲ ಗೊಂದಲವಾಯಿತು. ಆರು ಚುಕ್ಕಿಗಳಿಂದ ೬೩ ಸಂಕೇತಗಳಿಗಿಂತ ಹೆಚ್ಚಾಗಿ ಹುಟ್ಟಲಾರವು. ಕನ್ನಡದ ವರ್ಣಗಳಿಗೆ ಇವು ಸಾಲುವುವು. ಕಾಗುಣಿತವನ್ನು ಎಣಿಸಿದರೆ ರೂಪಗಳು ನಾಲ್ಕುನೂರನ್ನು ಮೀರುವುವು, ಒತ್ತಕ್ಷರಗಳನ್ನು ಸೇರಿಸಿದರಂತೂ ಸಾವಿರಗಳಿಗೆ ಏರುವುವು. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಇಪ್ಪತ್ತನೆಯದರ ನಡುವಿನವರೆಗೆ ದೇಶದ ಒಂದೊಂದು ಮೂಲೆಯಲ್ಲಿ ಒಂದೊಂದು ಬ್ರೈಲ್ ಕ್ರಮವು ನಡೆಯುತ್ತಿತ್ತು. ಮೈಸೂರು ಸೀಮೆಯ ಕನ್ನಡಕ್ಕೂ ಪ್ರತ್ಯೇಕವಾದುದೊಂದಿತ್ತು. ಮೈಸೂರಿನಲ್ಲಿ ಕಿವುಡರಿಗೂ ಕುರುಡರಿಗೂ ೧೯೦೧ರಲ್ಲಿಯೇ ಶಾಲೆಯು ಹುಟ್ಟಿದ್ದುದರಿಂದ ಇದು ಸಹಜವೇ. ಮದರಾಸಿನಲ್ಲಿ ಕಲಿತ ಅಂಧನಿಗೆ ಮುಂಬಯಿಯ ಪುಸ್ತಕವು ಅಪರಿಚಿತವಾಗಿದ್ದ ಈ ಸ್ಥಿತಿಯು, ಯುನೆಸ್ಕೋದ ಮಧ್ಯಸ್ಥಿಕೆಯಿಂದ ವಿಚಾರವಿನಿಮಯ ನಡೆದು, ೧೯೫೧ರಲ್ಲಿ ಭಾರತೀ ಬ್ರೈಲ್ ಅಂಗೀಕೃತವಾದಾಗ ಕೊನೆಗೊಂಡಿತು. 'ಕ'ಕಾರಕ್ಕೆ ಯಾವ ಭಾರತೀಯ ಭಾಷೆಯಲ್ಲಿಯೂ ಒಂದೇ ಸಂಕೇತ, ಅದೂ ಇಂಗ್ಲಿಷಿನ 'ಕೆ' ಅಕ್ಷರದ್ದೇ ಸಂಕೇತ ಎಂಬುದು ಇದರ ತಳಹದಿ.

ಭಾರತೀ ಬ್ರೈಲಿನ ರಚನೆಯನ್ನು ಸಾಹಿತ್ಯದ ಅಧ್ಯಾಪಕರು ಒಮ್ಮೆ ಗಮನಿಸತಕ್ಕದ್ದು. ಅದು ಲಿಪಿಗಿಂತ ಹೆಚ್ಚಾಗಿ ವ್ಯಾಕರಣದಂತಿದೆ. ಇಲ್ಲಿ ಗುಣಿತಚಿಹ್ನೆಗಳಿಲ್ಲ, ವ್ಯಂಜನದ ಮುಂದೆ ಪೂರ್ಣಸ್ವರವನ್ನೇ ಬರೆಯುವರು. 'ಕಿ' ಎಂಬುದು ಕಕಾರ, ಇಕಾರ ಎಂಬ ಎರಡು ಸಂಕೇತಗಳು. ಅಕಾರವು ವ್ಯಂಜನದಲ್ಲಿ ಅಂತರ್ಗತವೆಂದು ತಿಳಿಯುವುದರಿಂದ 'ಕ'ಕ್ಕೆ ಒಂದೇ ಸಂಕೇತ. ಒತ್ತಕ್ಷರವು ಬಂದಾಗ ನಾಲ್ಕನೆಯ ಚುಕ್ಕಿಯೊಂದನ್ನೇ ಉಳ್ಳ ಹಲಂತಚಿಹ್ನೆಯನ್ನು ಸಂಯುಕ್ತದ ಮೊದಲಿಗೆ ಇಟ್ಟು, ಬಳಿಕ ವ್ಯಂಜನಗಳನ್ನು ಉಚ್ಚಾರಣೆಯ ಕ್ರಮದಲ್ಲಿ ಜೋಡಿಸುವರು. 'ಕನ್ನಡ' ಎಂಬ ಪದವು ಹೀಗೆ ಐದು ಸಂಕೇತಗಳಾಗುವುದು: ಕಕಾರ, ಹಲಂತ, ನಕಾರ, ಮತ್ತೆ ನಕಾರ, ಡಕಾರ. ಅಚ್ಚಿನಲ್ಲಿ ಒಂದರ ಕೆಳಗೊಂದು ಕೂತಿರುವುದು ಇಲ್ಲಿ ಒಂದರ ಮುಂದೊಂದು ನಡೆಯುವುದು.

ಇದರ ಒಂದು ಫಲವು ಕುತೂಹಲಕರವಾಗಿದೆ. 'ಅರ್ಕ' ಎಂಬಲ್ಲಿ ರೇಫವನ್ನು ಮೊದಲು ಉಚ್ಚರಿಸುವೆವು. ಅಚ್ಚಿನಲ್ಲಿ ಅರ್ಕಾವತ್ತನ್ನು ಕಕಾರದ ಬಲಕ್ಕೆ ಬರೆಯುವೆವು. ಕಣ್ಣಿನಿಂದ ಓದುವ ಮಗುವು ಹಿಂದುಮುಂದಾದ ಈ ಕ್ರಮವನ್ನು ಬೇರೆಯಾಗಿ ಕಲಿಯಬೇಕು. ಬೆರಳಿನಿಂದ ಓದುವ ಮಗುವಿಗೆ ಆ ತೊಂದರೆಯೇ ಇಲ್ಲ. ಹಲಂತ, ರಕಾರ, ಕಕಾರ ಎಂದು ಕೇಳಿದ ಕ್ರಮದಲ್ಲಿಯೇ ಓದಿಕೊಳ್ಳುವುದು. ಇಷ್ಟರ ಮಟ್ಟಿಗೆ ಚುಕ್ಕಿಲಿಪಿಯು ಅಚ್ಚಿನ ಲಿಪಿಗಿಂತ ವೈಜ್ಞಾನಿಕವಾಗಿದೆ. ಆದರೆ ನಷ್ಟವೂ ಇಲ್ಲದಿಲ್ಲ. ಅರ್ಕಾವತ್ತಿನಿಂದ ಬರೆದ ರೂಪವನ್ನೂ, ರಕಾರದ ಕೆಳಗೆ ಒತ್ತನ್ನಿಟ್ಟು ಬರೆದ ರೂಪವನ್ನೂ ಬ್ರೈಲ್ ಒಂದಾಗಿಯೇ ತೋರಿಸುವುದು. ಸಾಮಾನ್ಯ ವಾಚಕನಿಗೆ ಇದರಿಂದ ಯಾವ ಹಾನಿಯೂ ಇಲ್ಲ. ಓಲೆಗರಿಯ ಅಥವಾ ಶಾಸನದ ಬರವಣಿಗೆಯ ರೂಢಿಯನ್ನು ಆಧಾರಮಾಡಿಕೊಂಡು ಪಾಠವಿಚಾರ ಮಾಡುವ ಅಂಧ ಸಂಶೋಧಕನಿಗೆ ಮಾತ್ರ ಸಾಕ್ಷ್ಯದ ಒಂದು ಎಳೆಯು ಕೈಗೆ ಸಿಕ್ಕದೆ ಹೋಗುವುದು. ಅಂಥ ಸಂಶೋಧಕನಿರಲಾರನೆಂದು ವಿನ್ಯಾಸಕಾರನು ಮೊದಲೇ ತೀರ್ಮಾನಿಸಿಬಿಡುವುದು ಸರಿಯಲ್ಲ. ಕಣ್ಣಿಲ್ಲದ ಪಂಚಾಕ್ಷರಿ ಗವಾಯಿಗಳ (೧೮೯೨–೧೯೪೪) ಶಿಷ್ಯರಾಗಿ ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ನಡೆಸಿದ ಪುಟ್ಟರಾಜ ಗವಾಯಿಗಳು (೧೯೧೪–೨೦೧೦), ತಾವೂ ದೃಷ್ಟಿಹೀನರಾಗಿದ್ದು, ಸಂಗೀತದಲ್ಲಿ ಮಾತ್ರವಲ್ಲದೆ ಕನ್ನಡ, ಸಂಸ್ಕೃತ, ಹಿಂದಿ ಮೂರರಲ್ಲಿಯೂ ಗ್ರಂಥರಚನೆ ಮಾಡಿದವರು.

ಬ್ರೈಲ್ ಪುಸ್ತಕಗಳು ಗಾತ್ರದಲ್ಲಿ ದೊಡ್ಡವು, ಸಂಖ್ಯೆಯಲ್ಲಿ ಕಡಮೆ. ಮೈಸೂರಿನ ಸರ್ಕಾರಿ ಬ್ರೈಲ್ ಮುದ್ರಣಾಲಯದಂಥ ಕಡೆಗಳಲ್ಲಿ ಶಾಲೆಯ ಪಠ್ಯಗಳು ಅಚ್ಚಾಗುವುದೇ ದೊಡ್ಡ ಕೆಲಸ. ಸ್ನಾತಕೋತ್ತರ ತರಗತಿಯ ಚಂಪೂಕಾವ್ಯಗಳೂ ವಿಮರ್ಶಾಗ್ರಂಥಗಳೂ ಅಲ್ಲಿಯವರೆಗೆ ಬರುವುದು ದುರ್ಲಭ. ಆದ್ದರಿಂದ ಅಚ್ಚಾದ ಪುಟವನ್ನೇ ಯಂತ್ರಕ್ಕೆ ಓದಲು ಕಲಿಸುವ ಪ್ರಯತ್ನವು ಹುಟ್ಟಿತು. ಅಮೆರಿಕದ ರೇ ಕರ್ಜ್‌ವೈಲ್ ೧೯೭೬ರಲ್ಲಿ ಹೊರತಂದ ಯಂತ್ರವು ಇಂಗ್ಲಿಷ್ ಪುಟವನ್ನು ನೋಡಿ ಗಟ್ಟಿಯಾಗಿ ಓದುತ್ತಿತ್ತು. ಕನ್ನಡಕ್ಕೆ ಅಂಥ ಸಾಮರ್ಥ್ಯವನ್ನು ತರಲು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕ ಎ.ಜಿ. ರಾಮಕೃಷ್ಣನ್ ಅವರ ಪ್ರಯೋಗಶಾಲೆಯು ದುಡಿದು, 'ಲಿಪಿಜ್ಞಾನಿ' ಎಂಬ ಅಕ್ಷರಗ್ರಾಹಿ ತಂತ್ರಾಂಶವನ್ನು ರೂಪಿಸಿತು. ಎಚ್.ಆರ್. ಶಿವಕುಮಾರ್ ಅವರೊಡನೆ ಅವರು ಬರೆದ ಪ್ರಬಂಧದಲ್ಲಿ ಇದರ ವಿವರಗಳಿವೆ. ೧೯೭೦ರಿಂದ ೨೦೦೨ರವರೆಗೆ ಅಚ್ಚಾದ ಮೂವತ್ತೈದಕ್ಕೆ ಮೇಲ್ಪಟ್ಟ ಪುಸ್ತಕಗಳ ಪುಟಗಳಿಂದ ಇದಕ್ಕೆ ಪಾಠ ಹೇಳಿಸಿದರು. ಅವುಗಳಲ್ಲಿ ಹಳಗನ್ನಡದ ಪುಸ್ತಕಗಳೂ, ಕನ್ನಡ ಲಿಪಿಯಲ್ಲಿ ಅಚ್ಚಾದ ಸಂಸ್ಕೃತ ಶ್ಲೋಕಗಳೂ ಸೇರಿದ್ದುವು. ಗೂಗಲಿನ ಟೆಸರ್ಯಾಕ್ಟ್ ತಂತ್ರಾಂಶದೊಡನೆ ಹೋಲಿಸಿದಾಗ ಕನ್ನಡ ಪುಟಗಳಲ್ಲಿ ಪದಗಳನ್ನು ಸರಿಯಾಗಿ ಗ್ರಹಿಸುವುದರಲ್ಲಿ ಶೇಕಡ ೫.೩ರಷ್ಟೂ, ಸಂಸ್ಕೃತದಲ್ಲಿ ಶೇಕಡ ೮.೫ರಷ್ಟೂ ಇದು ಮೇಲಾಗಿ ಕಂಡುಬಂದಿತು. ಇದರಲ್ಲಿ ನಿಘಂಟಿನ ನೆರವಿಲ್ಲವೆಂಬುದೂ ಗಮನಾರ್ಹ. ಪ್ರತ್ಯಯಗಳೂ ಸಂಧಿಗಳೂ ಕೂಡಿ ಪದರೂಪಗಳು ಅನಂತವಾಗುವ ಕನ್ನಡದಲ್ಲಿ, ಇಂಗ್ಲಿಷಿನಂತೆ ಪದಪಟ್ಟಿಯನ್ನು ನೋಡಿ ತಪ್ಪನ್ನು ತಿದ್ದಿಕೊಳ್ಳುವ ದಾರಿಯು ಸುಲಭವಾದುದಲ್ಲ.

ಯಂತ್ರವು ಕನ್ನಡ ಪುಟದ ಮುಂದೆ ಎಲ್ಲೆಲ್ಲಿ ಎಡವುವುದೆಂಬುದನ್ನು ನೋಡಿದರೆ, ಪ್ರಾಥಮಿಕ ಶಾಲೆಯ ಉಪಾಧ್ಯಾಯರಿಗೆ ತಮ್ಮ ತರಗತಿಯೇ ನೆನಪಿಗೆ ಬರಬಹುದು. ದಕಾರಕ್ಕೂ ಧಕಾರಕ್ಕೂ ಇರುವ ಭೇದವು ಅಡಿಯ ಒಂದು ಸೀಳು. ಮೊಳೆ ಸವೆದು ಆ ಸೀಳು ಮುಚ್ಚಿಹೋದರೆ 'ಧನ'ವು 'ದನ'ವಾಗುವುದು. ಬಕಾರ ಭಕಾರಗಳಲ್ಲಿ 'ಭಾವಿ'ಯು 'ಬಾವಿ'ಯಾಗುವುದು. ಸೊನ್ನೆಯೆಂಬ ಅಂಕಿಗೂ ಅನುಸ್ವಾರಕ್ಕೂ ರೂಪವು ಒಂದೇ. ಅರ್ಕಾವತ್ತಿಗೂ ಒಂಬತ್ತರ ಅಂಕಿಗೂ ಹೋಲಿಕೆಯುಂಟು. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಗಲಿಕೊಂಡರೆ ಎರಡು ಸಾಲುಗಳೇ ಕಲೆಯುವುವು. ದೀರ್ಘದ ಕೊಂಬು ಬಿಡಿಯಾಗಿ ನಿಲ್ಲುವುದರಿಂದ 'ಕೇ' ಎಂಬುದು 'ಕೆ'ಯೂ ಯಾವುದೋ ಗುರುತೂ ಆಗಿ ಒಡೆಯಬಹುದು. ಇಂಥ ತಪ್ಪನ್ನು ಕಣ್ಣುಳ್ಳ ವಾಚಕನು ಸಂದರ್ಭದಿಂದ ತಿದ್ದಿಕೊಂಡು, ತಿದ್ದಿದೆನೆಂಬುದನ್ನೇ ಅರಿಯದೆ ಮುಂದೆ ಹೋಗುವನು. ಕಿವಿಯಿಂದ ಮಾತ್ರ ಓದುವವನಿಗೆ ಆ ಸೌಕರ್ಯವು ಕಡಮೆ. ಪದವು ಯಂತ್ರದ ಬಾಯಿಂದ ಬಂದು ಹೋಗಿಬಿಡುವುದು. ಆದ್ದರಿಂದ ನೂರು ಪದಗಳಿಗೆ ಎಷ್ಟು ತಪ್ಪು ಎಂಬ ಲೆಕ್ಕಕ್ಕಿಂತ, ಯಾವ ತಪ್ಪು ಅರ್ಥವನ್ನು ಕೆಡಿಸುವುದು, ಯಾವುದು ಕೆಡಿಸದು ಎಂಬ ವಿವೇಚನೆಯು ಮುಖ್ಯವಾಗುವುದು. ಅದನ್ನು ಮಾಡತಕ್ಕವರು ಭಾಷೆಯನ್ನು ಬಲ್ಲವರೇ ಹೊರತು ಯಂತ್ರವನ್ನು ಬಲ್ಲವರಲ್ಲ.

ಭಾಷಾಪಂಡಿತರಿಲ್ಲದ ಕಡೆ ಏನಾಗುವುದೆಂಬುದಕ್ಕೆ ೞಕಾರದ ವೃತ್ತಾಂತವು ಸಾಕ್ಷಿ. ಲೋಕದ ಲಿಪಿಗಳೆಲ್ಲಕ್ಕೂ ಗಣಕದಲ್ಲಿ ಒಂದೊಂದು ಸಂಖ್ಯೆಯನ್ನು ಗೊತ್ತುಮಾಡುವ ಯೂನಿಕೋಡ್ ಎಂಬ ಮಾನಕವು ೧೯೯೧ರಿಂದ ಪ್ರಚಾರಕ್ಕೆ ಬಂದಿತು. ಕನ್ನಡದ ೞಕಾರಕ್ಕೆ ಅದರಲ್ಲಿ ಸ್ಥಾನವು ದೊರಕಿತು. ಆದರೆ ಹೆಸರನ್ನು 'ಕನ್ನಡ ಅಕ್ಷರ ಫ' ಎಂದು, ಇಂಗ್ಲಿಷಿನ 'ಎಫ್' ಧ್ವನಿಯ ಅಕ್ಷರವೆಂಬಂತೆ ಕೊಟ್ಟರು. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಕೂಡದೆಂಬುದು ಆ ಮಾನಕದ ಕಟ್ಟಳೆಯಾದ ಕಾರಣ, ತಪ್ಪು ಗೊತ್ತಾದ ಮೇಲೂ ಹಳೆಯ ಹೆಸರು ಹಾಗೆಯೇ ಉಳಿದು, ಸರಿಯಾದ ಹೆಸರನ್ನು ಪರ್ಯಾಯವಾಗಿ ಪಕ್ಕದಲ್ಲಿ ಸೇರಿಸಬೇಕಾಯಿತು. ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ರೞ, ಕುಳ, ಕ್ಷಳ ಎಂದು ವಿಂಗಡಿಸಿ ತೋರಿಸಿದ ಭೇದವಿದು. 'ಬಾೞ್' ಎಂದರೆ ಜೀವಿಸು, 'ಬಾಳ್' ಎಂದರೆ ಕತ್ತಿ; 'ಅಱಿ' ಎಂದರೆ ತಿಳಿ, 'ಅರಿ' ಎಂದರೆ ಕತ್ತರಿಸು. ಹಳಗನ್ನಡ ತರಗತಿಯ ಯಾವ ವಿದ್ಯಾರ್ಥಿಯೂ ಹೇಳಬಹುದಾಗಿದ್ದ ಮಾತನ್ನು ಕೇಳತಕ್ಕ ಕಾಲದಲ್ಲಿ ಯಾರೂ ಕೇಳಲಿಲ್ಲ. ಹೆಸರಿನ ತಪ್ಪಿನಿಂದ ಅಕ್ಷರವು ಮಾಯವಾಗದೆಂಬುದು ನಿಜ. ಆದರೆ ಹೆಸರನ್ನು ನೋಡಿ ಕೆಲಸಮಾಡುವ ತಂತ್ರಾಂಶಕಾರನು ೞಕಾರಕ್ಕೆ ಯಾವ ಧ್ವನಿಯನ್ನು ಕೊಟ್ಟಾನೆಂದು ಊಹಿಸುವುದು ಕಷ್ಟವಲ್ಲ.

ಇದಕ್ಕಿಂತ ದೊಡ್ಡ ಅಡ್ಡಿಯೊಂದನ್ನು ಕನ್ನಡದ ವಿದ್ವದ್ವಲಯವೇ ನಿರ್ಮಿಸಿಕೊಂಡಿದೆ. ಯೂನಿಕೋಡ್ ರೂಢಿಗೆ ಬರುವ ಮುನ್ನ ಕನ್ನಡವನ್ನು ಗಣಕದಲ್ಲಿ ಬೆರಳಚ್ಚು ಮಾಡಲು ನುಡಿ, ಬರಹ ಮೊದಲಾದ ತಂತ್ರಾಂಶಗಳು ಬಂದು ಮಹದುಪಕಾರ ಮಾಡಿದುವು. ಅವುಗಳ ಹಳೆಯ ಅಕ್ಷರವಿನ್ಯಾಸಗಳಲ್ಲಿ ರೋಮನ್ ಅಕ್ಷರಗಳಿಗೆ ಮೀಸಲಾದ ಸಂಖ್ಯೆಗಳ ಮೇಲೆ ಕನ್ನಡದ ತುಂಡುರೂಪಗಳನ್ನು ಕೂರಿಸಿರುವರು. ಕಣ್ಣಿಗೆ ಕಾಣುವುದು ಕನ್ನಡ, ಗಣಕದ ಒಳಗೆ ಇರುವುದು ಅರ್ಥವಿಲ್ಲದ ರೋಮನ್ ಸಾಲು. ದೃಷ್ಟಿಹೀನರು ಬಳಸುವ ಸ್ಕ್ರೀನ್ ರೀಡರ್ ತಂತ್ರಾಂಶವು ಒಳಗಿರುವುದನ್ನೇ ಓದುವುದರಿಂದ, ಅಂಥ ಪುಟದ ಮೇಲೆ ಅದು ಕನ್ನಡವನ್ನಲ್ಲ, ಪ್ರಲಾಪವನ್ನು ನುಡಿಯುವುದು. ೨೦೦೬ರಲ್ಲಿ ಆಸ್ಟ್ರೇಲಿಯದ ದೃಷ್ಟಿಹೀನ ತರುಣ ಮೈಕೆಲ್ ಕರನ್ ಆರಂಭಿಸಿ ಉಚಿತವಾಗಿ ಹಂಚಿದ ಎನ್.ವಿ.ಡಿ.ಎ. ಎಂಬ ಸ್ಕ್ರೀನ್ ರೀಡರ್ ಕನ್ನಡವನ್ನು ಓದಬಲ್ಲುದು. ಯೂನಿಕೋಡಿನಲ್ಲಿರುವ ಕನ್ನಡವನ್ನು ಮಾತ್ರ. ವಿಭಾಗಗಳಲ್ಲಿ ವರ್ಷ ವರ್ಷವೂ ಸಿದ್ಧವಾಗುವ ಟಿಪ್ಪಣಿಗಳು, ಪ್ರಶ್ನಪತ್ರಿಕೆಗಳು, ಪ್ರೌಢಪ್ರಬಂಧಗಳು ಹಳೆಯ ಅಕ್ಷರವಿನ್ಯಾಸದಲ್ಲಿಯೇ ಇರುವಷ್ಟು ಕಾಲ, ಅಥವಾ ಪುಟದ ಚಿತ್ರವನ್ನಷ್ಟೇ ತೆಗೆದು ಹಂಚುವಷ್ಟು ಕಾಲ, ಮುಂದಿನ ಬೆಂಚಿನಲ್ಲಿ ಕುಳಿತ ಅಂಧ ವಿದ್ಯಾರ್ಥಿಗೆ ಅವು ಖಾಲಿ ಹಾಳೆಗಳೇ. ಈ ತೊಡಕನ್ನು ಬಿಡಿಸಲು ಯಾವ ಹೊಸ ಯಂತ್ರವೂ ಬೇಕಿಲ್ಲವೆಂಬುದು ನಾಚಿಕೆಯ ಸಂಗತಿ.

ಇನ್ನು ಲಿಖಿತವನ್ನು ಧ್ವನಿಯಾಗಿಸುವ ವಿಚಾರ. ಹಿಂದಿಯಲ್ಲಿ ಬರೆದ ಅಕಾರವನ್ನು ಪದಾಂತ್ಯದಲ್ಲಿ ನುಂಗುವರು. ಎಲ್ಲಿ ನುಂಗಬೇಕು, ಎಲ್ಲಿ ಬಾರದು ಎಂದು ಯಂತ್ರಕ್ಕೆ ಕಲಿಸಬೇಕಾಗುವುದು. ಕನ್ನಡದಲ್ಲಿ ಬರೆದಂತೆ ಓದುವುದರಿಂದ ಗದ್ಯದ ಮಟ್ಟಿಗೆ ಈ ಕೆಲಸವು ಹಗುರ. ಅನುಸ್ವಾರವು ಮುಂದಿನ ವರ್ಗಕ್ಕೆ ತಕ್ಕಂತೆ, ಅಂಕ, ಅಂತ, ಅಂಬು ಎಂಬಲ್ಲಿ ಬೇರೆಬೇರೆಯಾಗುವ ನಿಯಮವನ್ನು ಯಾವ ವ್ಯಾಕರಣವೂ ಹೇಳೀತು. ಪದ್ಯಕ್ಕೆ ಬಂದಾಗ ಮಾತ್ರ ಯಂತ್ರದ ಪ್ರತಾಪವು ಕುಂದುವುದು. ಕಂದಪದ್ಯದಲ್ಲಿಯೂ ವೃತ್ತಗಳಲ್ಲಿಯೂ ಪದವು ಪಾದದ ಕೊನೆಯಲ್ಲಿ ಮುಗಿಯಬೇಕೆಂಬ ನಿರ್ಬಂಧವಿಲ್ಲ. ಅರ್ಧ ಪದ ಈ ಸಾಲಿನಲ್ಲಿ, ಉಳಿದರ್ಧ ಮುಂದಿನ ಸಾಲಿನಲ್ಲಿ ಬೀಳುವುದು ಸಾಮಾನ್ಯ. ದ್ವಿತೀಯಾಕ್ಷರ ಪ್ರಾಸಕ್ಕಾಗಿ ಹಾಗೆ ಒಡೆಯಬೇಕಾಗುವುದೂ ಉಂಟು. ಯಂತ್ರವು ಸಾಲಿನ ಕೊನೆಯಲ್ಲಿ ನಿಲ್ಲುವುದು. ಪದವು ಎರಡಾಗಿ ತುಂಡಾಗಿ, ಎರಡು ತುಂಡುಗಳೂ ಅರ್ಥಹೀನವಾಗಿ ಕಿವಿಗೆ ಬೀಳುವುವು. ಪಂಪನ ಒಂದು ಆಶ್ವಾಸವನ್ನು ಹೀಗೆ ಕೇಳಿ ಪರೀಕ್ಷೆಗೆ ಓದುವವನ ಪಾಡನ್ನು ಊಹಿಸಬಹುದು.

ಇದಕ್ಕೆ ಪರಿಹಾರವು ಕನ್ನಡನಾಡಿನಲ್ಲಿ ಹಿಂದಿನಿಂದಲೂ ಇದೆ. ಅದಕ್ಕೆ ಗಮಕವೆಂದು ಹೆಸರು. ಕಾವ್ಯವನ್ನು ಬಹುಜನ ಕಣ್ಣಿನಿಂದ ಓದದೆ ಕಿವಿಯಿಂದಲೇ ಕೇಳುತ್ತಿದ್ದ ಕಾಲದಲ್ಲಿ, ಎಲ್ಲಿ ನಿಲ್ಲಬೇಕು, ಎಲ್ಲಿ ಪದವನ್ನು ಬಿಡಿಸಬೇಕು, ಯಾವ ತುಂಡನ್ನು ಮತ್ತೊಮ್ಮೆ ಹೇಳಿ ಅನ್ವಯವನ್ನು ತಿಳಿಯಪಡಿಸಬೇಕು ಎಂಬುದನ್ನು ಗಮಕಿಗಳು ಶಾಸ್ತ್ರವಾಗಿ ಬೆಳೆಸಿದರು. ಕಣ್ಣಿರುವ ಶ್ರೋತೃವಿಗೂ ಇಲ್ಲದ ಶ್ರೋತೃವಿಗೂ ಅಲ್ಲಿ ಭೇದವಿರಲಿಲ್ಲ. ಯಾವ ಸಾಧನವು ವಿಕಲರಿಗೂ ಇತರರಿಗೂ ಏಕರೀತಿಯಾಗಿ ಒದಗುವುದೋ ಅದೇ ಉತ್ತಮವೆಂದು, ಪೋಲಿಯೋದಿಂದ ಗಾಲಿಕುರ್ಚಿಯನ್ನು ಆಶ್ರಯಿಸಿದ್ದ ಅಮೆರಿಕದ ವಾಸ್ತುಶಿಲ್ಪಿ ರೊನಾಲ್ಡ್ ಮೇಸ್ ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಪ್ರತಿಪಾದಿಸಿದ್ದು ಇದೇ ತತ್ತ್ವವನ್ನು. ಆತನೂ ಸಹೋದ್ಯೋಗಿಗಳೂ ೧೯೯೭ರಲ್ಲಿ ಏಳು ಸೂತ್ರಗಳಾಗಿ ಹೇಳಿದ ಸರ್ವೋಪಯೋಗಿ ವಿನ್ಯಾಸವನ್ನು, ೨೦೧೧ರಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ಆಶ್ರಯದಲ್ಲಿ ಭಾರತಕ್ಕೆ ಒಪ್ಪುವಂತೆ ಐದಾಗಿ ಪುನಾರಚಿಸಿದರು: ಸಮಾನ, ಸಹಜ, ಸಾಂಸ್ಕೃತಿಕ, ಸಸ್ತಾ, ಸುಂದರ. 'ಸಸ್ತಾ' ಎಂಬ ಹಿಂದಿಯ ಮಾತಿಗೆ ಅಗ್ಗವೆಂದರ್ಥ. ಮೇಸನ ಏಳರಲ್ಲಿ ಇಲ್ಲದ 'ಸಾಂಸ್ಕೃತಿಕ' ಎಂಬುದು ಇಲ್ಲಿ ಸೇರಿರುವುದು ಸ್ವಾಗತಾರ್ಹ. ಆದರೆ ಸಂಸ್ಕೃತಿಯೆಂದರೆ ಉಡುಗೆತೊಡುಗೆ, ಕೂರುವ ರೀತಿ, ಊಟದ ಕ್ರಮ ಇಷ್ಟೇ ಎಂದು ವಿನ್ಯಾಸದ ವಿದ್ಯಾರ್ಥಿಗಳು ತಿಳಿಯುವ ಸಂಭವವುಂಟು. ಲಿಪಿಯೂ ಪದಚ್ಛೇದವೂ ಅದರ ಅಂಗಗಳೇ.

ಕಾನೂನಿನ ಅಡ್ಡಿಯಾದರೂ ಈಗ ಬಹುಮಟ್ಟಿಗೆ ತೊಲಗಿದೆ. ೨೦೧೨ರಲ್ಲಿ ಗ್ರಂಥಸ್ವಾಮ್ಯದ ಕಾಯಿದೆಗೆ ತಂದ ತಿದ್ದುಪಡಿಯಂತೆ, ಲಾಭದ ಉದ್ದೇಶವಿಲ್ಲದೆ ವಿಕಲಚೇತನರ ಉಪಯೋಗಕ್ಕಾಗಿ ಗ್ರಂಥವನ್ನು ಅವರು ಓದಬಲ್ಲ ರೂಪಕ್ಕೆ ತರಲು ಸ್ವಾಮ್ಯ ಉಳ್ಳವರ ಅಪ್ಪಣೆ ಬೇಕಾಗಿಲ್ಲ. ಇದೇ ಉದ್ದೇಶದಿಂದ ೨೦೧೩ರಲ್ಲಿ ಮರಾಕೇಶಿನಲ್ಲಿ ಆದ ಅಂತರರಾಷ್ಟ್ರೀಯ ಒಪ್ಪಂದವನ್ನು ೨೦೧೪ರಲ್ಲಿ ಎಲ್ಲಕ್ಕಿಂತ ಮೊದಲು ಅನುಮೋದಿಸಿದ ದೇಶ ಭಾರತ. ೨೦೧೬ರ ವಿಕಲಚೇತನರ ಹಕ್ಕುಗಳ ಕಾಯಿದೆಯು ಹಿಂದೆ ಏಳೇ ಆಗಿದ್ದ ವೈಕಲ್ಯದ ಪ್ರಭೇದಗಳನ್ನು ಇಪ್ಪತ್ತೊಂದಕ್ಕೆ ಏರಿಸಿತು. ೨೦೧೧ರ ಜನಗಣತಿಯಲ್ಲಿ ಕರ್ನಾಟಕದ ವಿಕಲಚೇತನರ ಸಂಖ್ಯೆಯು ಹದಿಮೂರು ಲಕ್ಷವನ್ನು ಮೀರಿತ್ತು. ಹಳೆಯ ಏಳು ಬಗೆಗಳ ಸುಮಾರಿನ ಲೆಕ್ಕವದು. ಹೊಸ ಲೆಕ್ಕದಲ್ಲಿ ಸಂಖ್ಯೆಯು ಹೆಚ್ಚದಿರದು.

ಹೀಗಿರುವಲ್ಲಿ, ಸಹಾಯಕ ಸಾಧನಗಳ ವಿನ್ಯಾಸವನ್ನು ಕಲಿಸುವ ಪಾಠಕ್ರಮವು ಕನ್ನಡನಾಡಿನಲ್ಲಿ ನಡೆಯುವುದಾದರೆ ಅದರಲ್ಲಿ ಲಿಪಿಯ ಪಾಠಕ್ಕೆ ಒಂದು ತಿಂಗಳನ್ನಾದರೂ ಮೀಸಲಿಡುವುದು ಯುಕ್ತವಾಗಿದೆ. ಉಪನ್ಯಾಸಗಳಿಗಿಂತ ಒಂದೇ ಒಂದು ಅಭ್ಯಾಸವು ಹೆಚ್ಚು ಫಲಕಾರಿಯಾದೀತು. ೞಕಾರ, ಱಕಾರಗಳೂ, ಒಂದು ಅರ್ಕಾವತ್ತೂ, ಪಾದದಿಂದ ಪಾದಕ್ಕೆ ಹರಿದ ಒಂದು ಪದವೂ ಇರುವ ಕಂದಪದ್ಯವೊಂದನ್ನು, ಹಳೆಯ ಮುದ್ರಣದ ಪುಟದಲ್ಲಿ, ವಿದ್ಯಾರ್ಥಿಗಳ ಕೈಗೆ ಕೊಡತಕ್ಕದ್ದು. ಅದನ್ನು ಅಕ್ಷರಗ್ರಾಹಿಯಿಂದ ಗಣಕಕ್ಕೆ ಇಳಿಸಿ, ಬ್ರೈಲಿಗೂ ಧ್ವನಿಗೂ ತಂದು, ಪ್ರತಿ ಹೆಜ್ಜೆಯಲ್ಲಿ ಏನು ಕಳೆಯಿತೆಂಬುದನ್ನು ಅವರು ಬರೆದಿಡಬೇಕು. ವಿನ್ಯಾಸದ ವಿದ್ಯಾರ್ಥಿಯ ಜೊತೆಗೆ ಕನ್ನಡ ಎಂ.ಎ. ತರಗತಿಯ ವಿದ್ಯಾರ್ಥಿಯೊಬ್ಬನಿದ್ದರೆ, ತಪ್ಪು ಯಂತ್ರದ್ದೋ ಮೂಲಪಾಠದ್ದೋ ಎಂಬ ಚರ್ಚೆಗೂ ಅವಕಾಶವಾಗುವುದು. ಕೊನೆಯಲ್ಲಿ ಅಂಕ ಕೊಡತಕ್ಕವರು ಇಬ್ಬರು: ಹಳಗನ್ನಡವನ್ನು ಬಲ್ಲ ಅಧ್ಯಾಪಕರೊಬ್ಬರು, ಮತ್ತು ಆ ಪದ್ಯವನ್ನು ಅಲ್ಲಿಯವರೆಗೆ ಕೇಳಿರದ ದೃಷ್ಟಿಹೀನ ವಾಚಕರೊಬ್ಬರು. ಎರಡನೆಯವರು ಪದ್ಯವನ್ನು ಒಮ್ಮೆ ಬೆರಳಿನಿಂದ, ಒಮ್ಮೆ ಕಿವಿಯಿಂದ ಓದಿ, ಅದರ ಅನ್ವಯವನ್ನು ಹೇಳುವರು. ಮೊದಲನೆಯವರು ಅದನ್ನು ಮೂಲದೊಡನೆ ಹೋಲಿಸುವರು. ಅನ್ವಯವು ಎಲ್ಲಿ ತಪ್ಪಿತೋ ಅಲ್ಲಿಂದ ಮುಂದಿನ ವರ್ಷದ ವಿದ್ಯಾರ್ಥಿಗಳು ಕೆಲಸವನ್ನು ಆರಂಭಿಸಬಹುದು.